ರೇಬೀಸ್ ಸೂಜಿಯ ಪಕ್ಕದಲ್ಲೇ ಹುಳದ ಮಾತ್ರೆಯನ್ನೂ ಇಡಿ: ಪಶುಪಾಲನೆ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು,
ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ,
ಕರ್ನಾಟಕ ಸರ್ಕಾರ.

ಮಾನ್ಯರೇ,

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ವಿಷಯದಲ್ಲಿ ಒಂದು ಆದೇಶ ಕೊಟ್ಟಿತು. ಹಿಡಿದ ನಾಯಿಗಳಿಗೆ ಸಂತಾನಹರಣದ ಆಪರೇಷನ್ ಮಾಡಿ, ಹುಳದ ಔಷಧಿ ಹಾಕಿ, ಲಸಿಕೆ ಕೊಟ್ಟು, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಎಂದಿತು. ರೇಬೀಸ್ ಇರುವ ನಾಯಿಗಳನ್ನೂ ಜನರ ಮೇಲೆ ಎರಗುವ ನಾಯಿಗಳನ್ನೂ ಮಾತ್ರ ಹಾಗೆ ವಾಪಸ್ ಬಿಡಬಾರದು ಎಂದಿತು. ಆಮೇಲೆ ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಆಪರೇಷನ್ ಬಗ್ಗೆ ಮಾತಾಡಿದರು, ಲಸಿಕೆ ಬಗ್ಗೆ ಮಾತಾಡಿದರು, ಯಾರು ಎಲ್ಲಿ ಊಟ ಹಾಕಬೇಕು ಅಂತ ಜಗಳವನ್ನೂ ಆಡಿದರು. ನಾನು ನೋಡಿದ ಒಂದು ಚರ್ಚೆಯಲ್ಲೂ ಹುಳದ ಔಷಧಿಯ ಸುದ್ದಿ ಬರಲಿಲ್ಲ.

ಬೀದಿನಾಯಿಗೆ ಅದು ಬೇಕು ಅಂತ ಕೋರ್ಟೇ ಹೇಳಿದೆ. ಮನೆಯ ನಾಯಿಗೆ, ಮನೆಯ ಬೆಕ್ಕಿಗೆ? ಅದನ್ನು ಸಾಕಿದವರ ನೆನಪಿಗೆ ಬಿಟ್ಟಿದ್ದೇವೆ. ನೆನಪಾದರೆ ಹಾಕುತ್ತಾರೆ, ಇಲ್ಲದಿದ್ದರೆ ಇಲ್ಲ. ಈ ಪತ್ರ ಅದರ ಬಗ್ಗೆ.

ನಾನು ಪಶುವೈದ್ಯೆ ಅಲ್ಲ. ತುಮಕೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಮನೆಯಲ್ಲಿ ನಾಯಿ ಇದೆ, ಬೆಕ್ಕೂ ಇದೆ. ನಮ್ಮ ಬೀದಿಯಲ್ಲಿ ನಾಯಿ ಸಾಕಿದವರು ಏನಾದರೂ ಆದರೆ ಮೊದಲು ನಮ್ಮ ಗೇಟಿನ ಹತ್ತಿರ ಬರುತ್ತಾರೆ, ಡಾಕ್ಟರ ಹತ್ತಿರ ಹೋಗುವುದು ಆಮೇಲೆ. ಹಾಗಾಗಿ ಜನ ಏನು ತಿಳಿದುಕೊಂಡಿದ್ದಾರೆ ಅನ್ನೋದು ನನಗೆ ಸ್ವಲ್ಪ ಗೊತ್ತು. ಜಾಸ್ತಿ ಕೇಳುವ ಮಾತು ಇದು: "ವ್ಯಾಕ್ಸಿನ್ ಎಲ್ಲಾ ಆಗಿದೆ ಮೇಡಂ." ಹುಳದ ಮಾತ್ರೆ ಯಾವಾಗ ಹಾಕಿದ್ರಿ ಎಂದರೆ, "ಅದೂ ಅದರಲ್ಲೇ ಬರುತ್ತೆ ಅಲ್ವಾ?"

ಬರುವುದಿಲ್ಲ. ರೇಬೀಸ್ ಲಸಿಕೆ ರೇಬೀಸಿಗೆ ಮಾತ್ರ. ನಾಯಿಗೆ ಬರುವ ಬೇರೆ ರೋಗಗಳಾದ ಪಾರ್ವೋ, ಡಿಸ್ಟೆಂಪರ್‌ಗೆ ಬೇರೆ ಲಸಿಕೆ. ನಮ್ಮಲ್ಲಿ ನಾಯಿ ಬೆಕ್ಕಿಗೆ ಹಾಕುವ ಯಾವ ಲಸಿಕೆಯೂ ಹೊಟ್ಟೆ ಹುಳವನ್ನು ತಡೆಯುವುದಿಲ್ಲ. ಅದಕ್ಕೆ ಮಾತ್ರೆಯೇ ಬೇಕು. ಆ ಮಾತ್ರೆಯೂ ಅವತ್ತು ಕರುಳಲ್ಲಿ ಇರುವ ಹುಳವನ್ನು ಕೊಲ್ಲುತ್ತದೆ, ಅಷ್ಟೇ. ಮುಂದೆ ಹುಳ ಬರದಂತೆ ಕಾಯುವುದಿಲ್ಲ. ದೊಡ್ಡ ನಾಯಿಗೂ ವರ್ಷಕ್ಕೆ ನಾಲ್ಕು ಸಲವಾದರೂ ಕೊಡಿ ಅಂತ ಡಾಕ್ಟರು ಹೇಳುವುದು ಅದಕ್ಕೇ.

ಈಗ ನಿಮ್ಮ ಶಿಬಿರದ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ಹಾಕುತ್ತೀರಿ. ತುಂಬಾ ಒಳ್ಳೆಯ ಕೆಲಸ. ಜನ ಆಟೋದಲ್ಲಿ, ಸ್ಕೂಟರಿನ ಮುಂದೆ ಕೂರಿಸಿಕೊಂಡು ನಾಯಿ ಕರೆತರುತ್ತಾರೆ. ವರ್ಷದಲ್ಲಿ ಆ ಒಂದು ದಿನ ಮಾತ್ರ ಆಸ್ಪತ್ರೆಯ ಮುಖ ನೋಡುವ ನಾಯಿಗಳು ಎಷ್ಟೋ ಇವೆ. ಲಸಿಕೆ ಹಾಕುವ ಅದೇ ಮೇಜಿನ ಪಕ್ಕದಲ್ಲಿ ಒಂದು ತೂಕದ ಯಂತ್ರ ಮತ್ತು ಹುಳದ ಮಾತ್ರೆ ಇಡಿ. ನನ್ನ ಮೊದಲ ಬೇಡಿಕೆ ಇಷ್ಟೇ. ತೂಕ ನೋಡಲೇಬೇಕು, ಏಕೆಂದರೆ ಮಾತ್ರೆಯ ಲೆಕ್ಕ ಇರುವುದೇ ಕಿಲೋ ಮೇಲೆ. ಕಣ್ಣಂದಾಜಿನಲ್ಲಿ ಅರ್ಧ ಮುರಿದು ಕೊಟ್ಟರೆ ದೊಡ್ಡ ನಾಯಿಗೆ ಕಮ್ಮಿಯಾಗುತ್ತದೆ, ಹುಳ ಉಳಿಯುತ್ತದೆ.

ಆದರೆ ಇಷ್ಟೇ ಮಾಡಿದರೆ ಮುಖ್ಯವಾದ ಕಡೆ ತಪ್ಪಿಹೋಗುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೇಬೀಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮರಿಗೆ ಮೂರು ತಿಂಗಳಾದ ಮೇಲೆ. ಜಂತುಹುಳಕ್ಕೆ ಆ ಲೆಕ್ಕ ಇಲ್ಲ. ನಾಯಿಯ ದುಂಡು ಜಂತುಹುಳದ ಹೆಸರು ಟಾಕ್ಸೊಕಾರ ಕ್ಯಾನಿಸ್. ಇದರ ಮರಿಹುಳಗಳು ತಾಯಿ ನಾಯಿಯ ಮಾಂಸಖಂಡಗಳಲ್ಲಿ ಸುಮ್ನೆ ಮಲಗಿರುತ್ತವೆ. ಗರ್ಭ ಕಟ್ಟಿದ ಮೇಲೆ, ಕೊನೆಯ ಕೆಲವು ವಾರಗಳಲ್ಲಿ, ಎದ್ದು ಹೊಟ್ಟೆಯೊಳಗಿನ ಮರಿಗಳಿಗೆ ದಾಟುತ್ತವೆ. ಹಾಲಿನಲ್ಲೂ ಹೋಗುತ್ತವೆ. ಕರುಳಿನ ಹುಳ ಕೊಲ್ಲುವ ಮಾಮೂಲಿ ಮಾತ್ರೆ ಹೀಗೆ ಮಲಗಿರುವ ಮರಿಹುಳಗಳ ತನಕ ಹೋಗುವುದಿಲ್ಲ. ಹಾಗಾಗಿ ತಾಯಿಗೆ ತಪ್ಪದೆ ಮಾತ್ರೆ ಹಾಕಿದ್ದರೂ ಮರಿಗೆ ಹುಳ ಇರಬಹುದು. ಇದರಲ್ಲಿ ಸಾಕಿದವರ ತಪ್ಪೇನೂ ಇಲ್ಲ. ಹುಟ್ಟಿದ ಪ್ರತಿ ನಾಯಿಮರಿಗೂ ಹುಳ ಇದೆ ಅಂತಲೇ ಇಟ್ಟುಕೊಂಡು ಔಷಧಿ ಕೊಡಬೇಕು ಅಂತ ಪಶುವೈದ್ಯರು ಹೇಳುವುದು ಈ ಕಾರಣಕ್ಕೆ.

ಮರಿಗೆ ಮೂರು ವಾರ ಆಗುವ ಹೊತ್ತಿಗೆ ಅದರ ಕರುಳಲ್ಲಿ ಹುಳ ಬೆಳೆದು ಮೊಟ್ಟೆ ಇಡಲು ಶುರು ಮಾಡುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ ಇಡುವ ಮೊಟ್ಟೆ ಲಕ್ಷದ ಲೆಕ್ಕದಲ್ಲಿ. ಅದಕ್ಕೇ ಮರಿಗೆ ಮೊದಲ ಔಷಧಿ ಎರಡನೇ ವಾರದಲ್ಲಿ. ಆಮೇಲೆ ನಾಲ್ಕು, ಆರು, ಎಂಟನೇ ವಾರ. ಮುಂದೆ ಆರು ತಿಂಗಳ ತನಕ ತಿಂಗಳಿಗೊಮ್ಮೆ. ಹಾಲು ಕುಡಿಸುವ ತಾಯಿಗೂ ಜೊತೆಯಲ್ಲೇ ಕೊಡಬೇಕು, ಏಕೆಂದರೆ ಮರಿಗಳನ್ನು ನೆಕ್ಕಿ ನೆಕ್ಕಿ ಅವಳ ಹೊಟ್ಟೆಗೂ ಹುಳ ಹೋಗಿರುತ್ತದೆ. ಬೆಕ್ಕಿನ ಮರಿಗೆ ಸ್ವಲ್ಪ ತಡ, ಮೂರನೇ ವಾರದಿಂದ. ಬೆಕ್ಕಿನ ಜಂತುಹುಳ ಗರ್ಭದಲ್ಲಿ ದಾಟುವುದಿಲ್ಲ, ಹಾಲಿನಲ್ಲಿ ಬರುತ್ತದೆ.

ಈಗ ನೋಡಿ. ಮೂರು ತಿಂಗಳಿಗೆ ಮರಿ ನಿಮ್ಮ ಶಿಬಿರಕ್ಕೆ ಬರುವಷ್ಟರಲ್ಲಿ, ಮಣ್ಣಿಗೆ ಅತಿ ಹೆಚ್ಚು ಮೊಟ್ಟೆ ಬೀಳುವ ಕಾಲ ಮುಗಿಯುತ್ತಾ ಬಂದಿರುತ್ತದೆ. ಮಕ್ಕಳು ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗಳದಲ್ಲಿ ಆಡುವ ಕಾಲವೂ ಅದೇ. ಹೀಗಾಗಿ ಶಿಬಿರಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಒಂದು ಮಾತು: "ನಿಮ್ಮ ನಾಯಿ ಮರಿ ಹಾಕಿದ ಎರಡನೇ ವಾರಕ್ಕೆ ಆಸ್ಪತ್ರೆಗೆ ಬನ್ನಿ, ಮರಿಗಳಿಗೆ ಕುಡಿಸುವ ಔಷಧಿ ಇದೆ." ಇದನ್ನು ಪ್ರತಿ ಪಶು ಆಸ್ಪತ್ರೆಯ ಗೋಡೆ ಮೇಲೆ ಬರೆಸಿ. ಲಸಿಕೆಗೆ ಬಂದವರಿಗೆ ಒಂದು ಕಾರ್ಡ್ ಕೊಡಿ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ದಿನಾಂಕ ಬರೆದುಕೊಟ್ಟರೆ ಜನ ಪಾಲಿಸುತ್ತಾರೆ. ಬರೀ ಬಾಯಲ್ಲಿ "ಮೂರು ತಿಂಗಳು ಬಿಟ್ಟು ಬನ್ನಿ" ಎಂದರೆ ಗೇಟು ದಾಟುವಷ್ಟರಲ್ಲಿ ಮರೆತುಹೋಗುತ್ತದೆ.

ಮರಿ ಮಾರುವವರ ವಿಷಯವೂ ಇಲ್ಲೇ ಬರಲಿ. 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ತುಂಬಿದೆ ಎಂದರೆ ನಾಲ್ಕು ಸಲ ಹುಳದ ಔಷಧಿ ಆಗಿರಬೇಕು. ಸಾವಿರಗಟ್ಟಲೆ ದುಡ್ಡು ಎಣಿಸಿಕೊಳ್ಳುವವರು ಆ ನಾಲ್ಕು ದಿನಾಂಕಗಳನ್ನು ಬರೆದು ಸಹಿ ಹಾಕಿ ಕೊಡಲಿ. ಕೊಳ್ಳುವವರೂ ಕೇಳಲಿ. ಹೊಟ್ಟೆ ಗುಡಾಣದ ಹಾಗೆ ಉಬ್ಬಿದ ಮರಿಯನ್ನು ನೋಡಿ "ಗುಂಡುಗುಂಡಾಗಿ ಚೆನ್ನಾಗಿದೆ" ಎಂದು ಮುದ್ದು ಮಾಡಿ ಮನೆಗೆ ತರುತ್ತೇವಲ್ಲ, ಎಷ್ಟೋ ಸಲ ಅದರೊಳಗೆ ಇರುವುದು ಹುಳ.

ಇದರಲ್ಲಿ ಸರ್ಕಾರಕ್ಕೇನು ಕೆಲಸ ಅಂತ ಕೇಳಬಹುದು. ನಾಯಿಯ ಹೊಟ್ಟೆ ಹುಳ ನಾಯಿಯ ಹೊಟ್ಟೆಯಲ್ಲೇ ಇದ್ದಿದ್ದರೆ ನಾನೂ ಈ ಪತ್ರ ಬರೆಯುತ್ತಿರಲಿಲ್ಲ.

ಕಕ್ಕದ ಜೊತೆ ಹೊರಬಂದ ಜಂತುಹುಳದ ಮೊಟ್ಟೆಗೆ ತಕ್ಷಣ ರೋಗ ತರುವ ಶಕ್ತಿ ಇರುವುದಿಲ್ಲ. ಎರಡು ಮೂರು ವಾರ ಮಣ್ಣಲ್ಲಿ ಬೆಳೆಯಬೇಕು. ಬೆಳೆದ ಮೇಲೆ ವರ್ಷಗಟ್ಟಲೆ ಅಲ್ಲೇ ಬದುಕಿರಬಲ್ಲದು. ಅಂದರೆ ನಾಯಿಯನ್ನು ಮುಟ್ಟಿದ ಮಾತ್ರಕ್ಕೆ ಏನೂ ಆಗಿಬಿಡುವುದಿಲ್ಲ, ಭಯ ಇರುವುದು ಮಣ್ಣಿನಲ್ಲಿ. ಅದಕ್ಕೇ ಅವತ್ತಿನ ಕಕ್ಕವನ್ನು ಅವತ್ತೇ ಎತ್ತಿದರೆ ಈ ಹುಳದ ಮಟ್ಟಿಗೆ ಮುಕ್ಕಾಲು ಕೆಲಸ ಮುಗಿಯಿತು. ನಮ್ಮ ಜನ ಫಿನಾಯಿಲ್ ಸುರಿದು ನಿಶ್ಚಿಂತೆಯಾಗಿರುತ್ತಾರೆ. ವಾಸನೆ ಹೋಗುತ್ತದೆ, ಮೊಟ್ಟೆ ಹೋಗುವುದಿಲ್ಲ. ಅದರ ಚಿಪ್ಪು ಅಷ್ಟು ಗಟ್ಟಿ. ಸಿಮೆಂಟ್ ನೆಲವಾದರೆ ಕಕ್ಕ ತೆಗೆದು ಕುದಿಯುವ ನೀರು ಹಾಕುವುದು ಎಷ್ಟೋ ವಾಸಿ.

ನಮ್ಮ ಊರುಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಜಾಗ ಮನೆ ಕಟ್ಟುವವರು ರಸ್ತೆ ಬದಿಯಲ್ಲಿ ಸುರಿದ ಮರಳು ರಾಶಿ. ಬೆಕ್ಕಿಗೆ ಕೆರೆದು ಮುಚ್ಚಲು ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ನಾಯಿಯೂ ಅಲ್ಲೇ. ಸಂಜೆ ಬೀದಿಯ ಮಕ್ಕಳೆಲ್ಲ ಅಲ್ಲೇ, ಬರಿಗಾಲಲ್ಲಿ. ಮೇಲೆ ಒಂದು ಟಾರ್ಪಾಲು ಹೊದಿಸಿದರೆ ಮುಗಿಯಿತು. ಅಂಗನವಾಡಿಯ ಅಂಗಳದಲ್ಲಿ, ಪಾರ್ಕಿನಲ್ಲಿ ಮಕ್ಕಳಿಗೆ ಮಾಡಿಟ್ಟ ಮರಳಿನ ಗುಂಡಿಗೂ ಅಷ್ಟೇ. ಇದು ನಿಮ್ಮ ಇಲಾಖೆಯ ಕೆಲಸ ಅಲ್ಲ, ನಗರಸಭೆ ಪಾಲಿಕೆಗಳದ್ದು. ಆದರೆ ಹೇಳಬೇಕಾದವರು ನೀವು. ವಿಷಯ ಗೊತ್ತಿರುವ ಇಲಾಖೆ ನಿಮ್ಮದೇ ತಾನೇ?

ಆ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಒಳಗೆ ಮರಿಹುಳ ಹೊರಬರುತ್ತದೆ. ಮನುಷ್ಯನ ಕರುಳಲ್ಲಿ ಅದು ದೊಡ್ಡ ಹುಳವಾಗಿ ಬೆಳೆಯುವುದಿಲ್ಲ. ದಾರಿ ತಪ್ಪಿ ಪಿತ್ತಜನಕಾಂಗ, ಶ್ವಾಸಕೋಶ ಅಂತ ಅಲೆಯುತ್ತದೆ. ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಜ್ವರ, ಕೆಮ್ಮು ಬರುತ್ತದೆ. ಅಪರೂಪಕ್ಕೆ ಕಣ್ಣಿಗೆ ಹೋಗುತ್ತದೆ, ಸಾಮಾನ್ಯವಾಗಿ ಒಂದೇ ಕಣ್ಣಿಗೆ. 1950ರಲ್ಲಿ ಅಮೆರಿಕದ ಹೆಲೆನರ್ ವೈಲ್ಡರ್ ಎಂಬ ಸಂಶೋಧಕಿ, ಆಪರೇಷನ್ ಮಾಡಿ ತೆಗೆದಿದ್ದ ಮಕ್ಕಳ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವುಗಳಲ್ಲಿ ಎಷ್ಟನ್ನೋ ಕ್ಯಾನ್ಸರ್ ಇರಬಹುದು ಎಂಬ ಅನುಮಾನದಿಂದ ತೆಗೆದಿದ್ದರು. 46 ಕಣ್ಣುಗಳ ಪೈಕಿ 24ರಲ್ಲಿ ಅವರಿಗೆ ಸಿಕ್ಕಿದ್ದು ಹುಳದ ಮರಿ. ಎರಡು ವರ್ಷದ ನಂತರ ಪಾಲ್ ಬೀವರ್ ಮತ್ತು ಜೊತೆಗಾರರು ಈ ಅಲೆಮಾರಿ ಹುಳ ನಾಯಿ ಬೆಕ್ಕಿನ ಜಂತು ಎಂದು ತೋರಿಸಿಕೊಟ್ಟರು. ಅಂದರೆ ಇದು ಹೊಸ ಸಂಗತಿ ಏನಲ್ಲ.

ಕರುಳಿನ ಇನ್ನೊಂದು ಹುಳವಾದ ಕೊಕ್ಕೆಹುಳುವಿನದ್ದು ಬೇರೆ ದಾರಿ. ಅದರ ಮರಿ ತೇವದ ಮಣ್ಣಲ್ಲಿ ಒಂದು ವಾರದೊಳಗೇ ತಯಾರಾಗಿ ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗಬಲ್ಲದು. ಚರ್ಮದಡಿ ಕೆಂಪು ಗೆರೆ ಎಳೆದ ಹಾಗೆ ಹರಿದಾಡುತ್ತದೆ, ತುರಿಕೆ ತಡೆಯಲಾಗುವುದಿಲ್ಲ. ನಾಯಿ ಬೆಕ್ಕಿನ ಕೊಕ್ಕೆಹುಳುಗಳಲ್ಲಿ ಒಂದು, ಆಂಕೈಲೊಸ್ಟೋಮ ಸೀಲಾನಿಕಮ್, ಚರ್ಮಕ್ಕೇ ನಿಲ್ಲದೆ ಮನುಷ್ಯನ ಕರುಳಲ್ಲೂ ಬೆಳೆಯಬಲ್ಲದು. ನಾಯಿಮರಿಗಂತೂ ಕೊಕ್ಕೆಹುಳು ಯಮ. ರಕ್ತ ಕುಡಿಯುವ ಹುಳ ಅದು. ಕಕ್ಕ ಕಪ್ಪಗೆ ಟಾರಿನಂತೆ, ವಸಡು ಬೆಳ್ಳಗೆ, ಮರಿ ಮಂಕಾಗಿ ಮೂಲೆ ಸೇರಿದ್ದರೆ ನಾಳೆ ನೋಡೋಣ ಎನ್ನಬಾರದು.

ಶಿಕ್ಷಕಿಯಾಗಿ ಒಂದು ಮಾತು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರುವರಿ, ಆಗಸ್ಟ್ ಬಂದರೆ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ. ನಾನೂ ಸಾಲಾಗಿ ನಿಲ್ಲಿಸಿ, ಕಣ್ಣೆದುರೇ ಅಗಿದು ನುಂಗಿಸಿದ್ದೇನೆ. ಆ ಕಾರ್ಯಕ್ರಮ ಇರುವುದು ಮನುಷ್ಯರ ಜಂತುಗಳಿಗೆ. ಒಳ್ಳೆಯದೇ. ಆದರೆ ಮಗು ಮಾತ್ರೆ ನುಂಗಿ ಮನೆಗೆ ಹೋದರೆ ಅಂಗಳದಲ್ಲಿರುವ ಮರಿಗೆ ಯಾರೂ ಏನೂ ಕೊಟ್ಟಿರುವುದಿಲ್ಲ. ಕೊಟ್ಟರೂ ಮಗುವಿನ ಮಾತ್ರೆಯಲ್ಲೇ ಅರ್ಧ ಉಳಿಸಿಕೊಂಡು ಕೊಡುತ್ತಾರೆ! ಇದು ನಿಜಕ್ಕೂ ನಡೆಯುತ್ತದೆ. ಆಲ್ಬೆಂಡಜೋಲ್ ನಾಯಿ ಬೆಕ್ಕಿನ ಮೂಳೆಮಜ್ಜೆಗೆ ಏಟು ಕೊಡಬಹುದು, ಗಬ್ಬದ ನಾಯಿಗೆ ಕೊಡಲೇಬಾರದು. ಅವುಗಳಿಗೆ ಕೊಡಲು ಪೈರಾಂಟೆಲ್, ಫೆನ್‌ಬೆಂಡಜೋಲ್, ಪ್ರಾಜಿಕ್ವಾಂಟೆಲ್ ಇವೆ. ಕುರಿಗೆ ತಂದ ಐವರ್ಮೆಕ್ಟಿನ್ ಉಳಿದರೆ ನಾಯಿಗೆ ಹಾಕುವವರೂ ಇದ್ದಾರೆ. ಕೋಲಿ (Collie) ಎಂಬ ತಳಿಯ ನಾಯಿಗಳಲ್ಲಿ ಅದು ಮೆದುಳಿಗೇ ಹೋಗಿ ಜೀವ ತೆಗೆಯಬಹುದು. ಇನ್ನು ಬೆಳ್ಳುಳ್ಳಿ ಜಜ್ಜಿ ಅನ್ನಕ್ಕೆ ಕಲಸುವುದು ನಮ್ಮ ಮನೆಮದ್ದುಗಳ ರಾಜ. ಬೆಳ್ಳುಳ್ಳಿ ಈರುಳ್ಳಿ ನಾಯಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಹುಳ ಒಂದು ಕಡೆ ರಕ್ತ ಹೀರುತ್ತಿರುವಾಗ ನಾವು ಇನ್ನೊಂದು ಕಡೆಯಿಂದ ಕಮ್ಮಿ ಮಾಡುತ್ತೇವೆ.

ಇನ್ನು ಕುರಿಗಾಹಿಗಳ ನಾಯಿಗಳು. ನಿಮ್ಮ ಇಲಾಖೆ ಮಾತ್ರ ಮಾಡಬಲ್ಲ ಕೆಲಸ ಇರುವುದು ಇಲ್ಲಿ.

ಶಿರಾ, ಪಾವಗಡ, ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆ ಎಲ್ಲಿಗೆ ಹೋದರೂ ಕುರಿ ಹಿಂಡು, ಹಿಂಡಿನ ಜೊತೆ ನಾಯಿ. ನಾಯಿಯ ಕರುಳಲ್ಲಿ ಎಕಿನೊಕಾಕಸ್ ಎಂಬ ಲಾಡಿಹುಳು ಇರುತ್ತದೆ. ಲಾಡಿಹುಳು ಎಂದರೆ ಉದ್ದ ಇರಬೇಕು ಅಂದುಕೊಳ್ಳುತ್ತೇವೆ. ಇದು ಅರ್ಧ ಸೆಂಟಿಮೀಟರಿನಷ್ಟು. ಕಣ್ಣಿಗೆ ಬೀಳುವುದೇ ಇಲ್ಲ, ನಾಯಿಗೂ ಏನೂ ಆಗುವುದಿಲ್ಲ. ಇದರ ಮೊಟ್ಟೆ ಹುಲ್ಲಿನ ಮೂಲಕ ಕುರಿಯ ಹೊಟ್ಟೆಗೆ ಹೋದರೆ ಅದರ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಬೆಳೆಯುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೂ ಅದೇ ಗುಳ್ಳೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಹೈಡಾಟಿಡ್ ಎನ್ನುತ್ತಾರೆ.

ಕುರಿ ಕೊಯ್ದಾಗ ಗುಳ್ಳೆ ಇರುವ ಈಲಿ (ಪಿತ್ತಜನಕಾಂಗ) ಸಿಕ್ಕರೆ ಏನು ಮಾಡುತ್ತೇವೆ? ಕೆಟ್ಟಿದೆ ಎಂದು ಆ ಭಾಗ ಕತ್ತರಿಸಿ ಪಕ್ಕದಲ್ಲಿ ಕಾಯುತ್ತಿರುವ ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯೊಳಗೆ ಸಾವಿರಾರು ಹುಳದ ತಲೆಗಳು ಇರಬಹುದು, ಎಲ್ಲಾ ನಾಯಿಯ ಕರುಳು ಸೇರುತ್ತವೆ. ಮಾರಿಹಬ್ಬದಲ್ಲಿ, ಜಾತ್ರೆಯಲ್ಲಿ, ಭಾನುವಾರದ ಮಟನ್ ಅಂಗಡಿಯ ಹಿಂದೆ ನಡೆಯುವುದು ಇದೇ. ಹಿಂಡಿನಲ್ಲಿ ಸತ್ತ ಕುರಿಯನ್ನು ಬಯಲಲ್ಲಿ ಬಿಟ್ಟುಬಂದರೂ ಅದೇ ಕಥೆ. ಹೂಳಿ, ಸುಡಿ, ಇಲ್ಲವೇ ಅರ್ಧ ಗಂಟೆಗೂ ಮೀರಿ ಚೆನ್ನಾಗಿ ಕುದಿಸಿ ಹಾಕಿ. ಹಸಿಯಾಗಿ ಮಾತ್ರ ಬೇಡ.

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ ಒಂದು ಕಾಲಕ್ಕೆ ಈ ರೋಗ ವಿಪರೀತ ಇತ್ತು. ಅಲ್ಲೂ ಕುರಿ, ಅಲ್ಲೂ ನಾಯಿ. 1863ರಲ್ಲಿ ಡೆನ್ಮಾರ್ಕಿನ ಹ್ಯಾರಲ್ಡ್ ಕ್ರಾಬೆ ಎಂಬ ವಿಜ್ಞಾನಿ ಅಲ್ಲಿಗೆ ಹೋಗಿ ಸತ್ತ ನಾಯಿಗಳನ್ನು ಕೊಯ್ದು ನೋಡಿದರು. ಆಮೇಲೆ ಜನರಿಗೆ ಅರ್ಥವಾಗುವ ಹಾಗೆ ಒಂದು ಪುಟ್ಟ ಪುಸ್ತಿಕೆ ಬರೆದರು. ಅದನ್ನು ಮನೆಮನೆಗೆ ಪುಕ್ಕಟೆ ಹಂಚಿದರು. ನಾಯಿಗೆ ಹಸಿ ಗುಳ್ಳೆ ಹಾಕಬೇಡಿ, ಹುಳದ ಔಷಧಿ ಕೊಡಿ, ಕೈ ತೊಳೆಯಿರಿ ಎಂಬುದು ಅದರ ತಿರುಳು. ಹಿಂದೆಯೇ ಕಾನೂನು ಬಂತು. ಇವತ್ತು ಅಲ್ಲಿ ಆ ಹುಳ ಇಲ್ಲ. 1959ರಲ್ಲಿ ಇದಕ್ಕೆಂದೇ ಕಾನೂನು ಮಾಡಿದ ನ್ಯೂಜಿಲೆಂಡ್, 2002ರಲ್ಲಿ ತಾನು ಈ ರೋಗದಿಂದ ಬಹುಮಟ್ಟಿಗೆ ಮುಕ್ತ ಎಂದು ಹೇಳಿಕೊಂಡಿತು. (ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ 1924ರಿಂದ ಎಷ್ಟೋ ದಶಕ ನಾಯಿ ಸಾಕುವುದಕ್ಕೇ ನಿಷೇಧ ಇತ್ತು. ಅಷ್ಟು ದೂರ ಹೋಗುವುದು ಬೇಡ ಬಿಡಿ.)

ನಿಮ್ಮ ಸಿಬ್ಬಂದಿ ಕುರಿಗಳಿಗೆ ಲಸಿಕೆ, ಜಂತುನಾಶಕ ಹಾಕಲು ಹಿಂಡಿನ ಹತ್ತಿರವೇ ಹೋಗುತ್ತಾರೆ. ನಾಯಿ ಅಲ್ಲೇ ಮಲಗಿರುತ್ತದೆ. ಅದಕ್ಕೂ ಒಂದು ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡಿ. ಬೇರೆ ಮಾಮೂಲಿ ಮಾತ್ರೆಗಳಿಗೆ ಈ ಲಾಡಿಹುಳು ಜಗ್ಗುವುದಿಲ್ಲ, ಪ್ರಾಜಿಕ್ವಾಂಟೆಲೇ ಬೇಕು. ನಾಯಿಯ ಕರುಳು ಸೇರಿದ ಹುಳ ಮೊಟ್ಟೆ ಇಡಲು ಸುಮಾರು ಆರು ವಾರ ಬೇಕು. ಆದ್ದರಿಂದ ಆರು ವಾರಕ್ಕೊಮ್ಮೆ ಕೊಟ್ಟರೆ ಸರಪಳಿಯೇ ಕಡಿಯುತ್ತದೆ. ಅಷ್ಟು ಸಲ ಹೋಗುವುದು ನಿಮ್ಮ ಸಿಬ್ಬಂದಿಗೆ ಕಷ್ಟ, ಅದು ನನಗೆ ಅರ್ಥವಾಗುತ್ತದೆ. ಹೋದಾಗಲೆಲ್ಲ ಕೊಡಿ, ಮುಂದಿನ ಸಲದ್ದನ್ನು ಕುರಿಗಾರರ ಕೈಗೆ ಕೊಟ್ಟು ಬನ್ನಿ. ಕುರಿಗೆ ಔಷಧಿ ಕುಡಿಸಲು ಬಲ್ಲವರಿಗೆ ತಮ್ಮ ನಾಯಿಗೆ ಮಾತ್ರೆ ನುಂಗಿಸುವುದು ದೊಡ್ಡದಲ್ಲ.

ಮನೆ ನಾಯಿ ಬೆಕ್ಕಿನ ಬಾಲದ ಸುತ್ತ ಅಕ್ಕಿಕಾಳಿನಷ್ಟು ಬಿಳಿ ಚೂರು ಕಾಣುವುದು ಇನ್ನೊಂದು ಲಾಡಿಹುಳು. ಅದು ಚಿಗಟದಿಂದ ಬರುತ್ತದೆ. ಚಿಗಟ ಓಡಿಸದೆ ಎಷ್ಟು ಮಾತ್ರೆ ಕೊಟ್ಟರೂ ತಿಂಗಳಲ್ಲಿ ವಾಪಸ್. ಹಾಗಂತ ನಾಯಿಗೆ ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಸವರಬೇಡಿ. ಬೆಕ್ಕಿಗೆ ಅದು ವಿಷ.

ಬೆಕ್ಕಿನ ಬಗ್ಗೆ ಇನ್ನೊಂದು ವಿಷಯವನ್ನು ಆರೋಗ್ಯ ಇಲಾಖೆಯ ಜೊತೆ ಕೂತು ನೀವು ಹೇಳಬೇಕು. ಸೊಸೆ ಬಸುರಿ ಎಂದು ಗೊತ್ತಾದ ಕೂಡಲೇ ಬೆಕ್ಕನ್ನು ಚೀಲಕ್ಕೆ ತುಂಬಿ ಮಾರ್ಕೆಟ್ ಹತ್ತಿರ ಬಿಟ್ಟುಬರುವ ಮನೆಗಳಿವೆ. ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಭಯ. ಭಯಕ್ಕೆ ಕಾರಣ ಇದೆ. ಆದರೆ ಬೆಕ್ಕು ಸಾಮಾನ್ಯವಾಗಿ ಅದನ್ನು ಹೊರಹಾಕುವುದು ಮೊದಲ ಸಲ ಸೋಂಕು ತಗುಲಿದಾಗ, ಒಂದೆರಡು ವಾರ ಮಾತ್ರ. ಹೊರಬಿದ್ದ ಮೇಲೂ ಅದು ಅಪಾಯದ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು. ಬೆಕ್ಕಿನ ಟ್ರೇಯನ್ನು ಮನೆಯ ಬೇರೆ ಯಾರಾದರೂ ದಿನಾ ತೊಳೆದರೆ ಸಾಕು. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು, ಇವುಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು.

ಕೊನೆಗೆ ಪರೀಕ್ಷೆ. ದನದ ಸಗಣಿ ಪರೀಕ್ಷೆ ಮಾಡುವ ಸೂಕ್ಷ್ಮದರ್ಶಕದಲ್ಲೇ ನಾಯಿ ಬೆಕ್ಕಿನ ಕಕ್ಕವನ್ನೂ ನೋಡಬಹುದು. ಒಂದು ಪುಟ್ಟ ಡಬ್ಬಿಯಲ್ಲಿ ತಂದುಕೊಡಿ ಅಂತ ಹೇಳಿದರೆ ಜನ ತರುತ್ತಾರೆ. ಈಗ ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ತರುವುದಿಲ್ಲ. ಪರೀಕ್ಷೆಯಲ್ಲಿ ಕಾಣಲಿಲ್ಲ ಎಂದರೆ ಹುಳವೇ ಇಲ್ಲ ಅಂತಲ್ಲ, ಎಳೆಯ ಹುಳ ಮೊಟ್ಟೆ ಇಡುವುದಿಲ್ಲ. ಆದರೂ ಒಂದೊಂದು ತಾಲ್ಲೂಕಿನಲ್ಲಿ ಯಾವ ಹುಳ ಜಾಸ್ತಿ ಅಂತ ಒಂದು ಅಂದಾಜು ನಿಮಗೇ ಸಿಗುತ್ತದೆ. ಆಗ ಯಾವ ಮಾತ್ರೆ ಎಷ್ಟು ತರಿಸಬೇಕು ಎನ್ನುವುದೂ ಗೊತ್ತಾಗುತ್ತದೆ.

ಮುಂದಿನ ಸೆಪ್ಟೆಂಬರ್ 28ರ ಶಿಬಿರಕ್ಕೆ ಔಷಧಿಯ ಪಟ್ಟಿ ಮಾಡುವಾಗ ಈ ಮಾತ್ರೆಗಳನ್ನೂ ಸೇರಿಸುತ್ತೀರಾ ಎಂಬುದಕ್ಕೆ ಉತ್ತರ ಬೇಕು. ಇಡೀ ರಾಜ್ಯದಲ್ಲಿ ಒಂದೇ ಸಲ ಆಗದಿದ್ದರೆ ಕುರಿ ಜಾಸ್ತಿ ಇರುವ ತಾಲ್ಲೂಕುಗಳಿಂದ ಶುರು ಮಾಡಿ. ಕಾರ್ಡಿನಲ್ಲಿ, ಕರಪತ್ರದಲ್ಲಿ ಏನು ಬರೆಯಬೇಕು ಎಂದು ಸರಳ ಕನ್ನಡದಲ್ಲಿ ಬರೆದುಕೊಡಲು, ತಿದ್ದಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ. ಆ ಕೆಲಸ ನನಗೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ತುಮಕೂರು